ನಕ್ಷತ್ರಗಳ ನಡುವೆ ಸಿಕ್ಕ ಭಾನುವಾರ

ಮೊಮ್ಮಗಳ ನಾಮಕರಣಕ್ಕೆ ಚಿಕ್ಕಪ್ಪ ವಾಟ್ಸ್‌ಆ್ಯಪ್‌ನಲ್ಲೇ ಕರೆದಿದ್ದರು. ದಿನ ಎದ್ದು ಕಾಣಲಿ ಎಂದು ಅದರ ಆಚೀಚೆ ನಕ್ಷತ್ರ ಇಟ್ಟಿದ್ದರು: * ಭಾನುವಾರ *. ಅಕ್ಷರ ದಪ್ಪವಾಗಲಿಲ್ಲ, ನಕ್ಷತ್ರಗಳು ಹಾಗೇ ಉಳಿದವು. “ಮಗ ಹಾಕಿದ್ರೆ ಆಗುತ್ತೆ, ನಂಗೆ ಮಾತ್ರ ಆಗಲ್ಲ ನೋಡು” ಎಂದು ಫೋನಿನಲ್ಲಿ ಗೊಣಗಿದರು. ಎಡವಟ್ಟಾದದ್ದು ನಕ್ಷತ್ರಕ್ಕೂ ಅಕ್ಷರಕ್ಕೂ ನಡುವೆ ಬಿಟ್ಟ ಖಾಲಿ ಜಾಗದಿಂದ.

ಫೋನಿನೊಳಗಿನ ತಂತ್ರಾಂಶ ಸಂದೇಶವನ್ನು ಒಂದೊಂದೇ ಚಿಹ್ನೆಯಾಗಿ ಓದುತ್ತಾ ಹೋಗುತ್ತದೆ. ನಕ್ಷತ್ರ ಸಿಕ್ಕೊಡನೆ ಅದಕ್ಕೊಂದು ಅನುಮಾನ: ಇದು ಅಪ್ಪಣೆಯೋ, ಬರೀ ನಕ್ಷತ್ರವೋ? ಮುಂದೆ ಅಕ್ಷರ ತಾಗಿಕೊಂಡಿದ್ದರೆ ‘ಬಾಗಿಲು ತೆರೆದಿರಬಹುದು’ ಎಂದು ನೆನಪಿಟ್ಟುಕೊಂಡು ಜೋಡಿ ಹುಡುಕುತ್ತದೆ. ಅಕ್ಷರಕ್ಕೆ ಅಂಟಿದ ಇನ್ನೊಂದು ನಕ್ಷತ್ರ ಸಿಕ್ಕಿತೋ, ಎರಡನ್ನೂ ಮರೆಮಾಡಿ ನಡುವಿನದನ್ನು ದಪ್ಪ ಮಾಡುತ್ತದೆ. ಸಾಲು ಮುಗಿದರೂ ಜೋಡಿ ಇಲ್ಲವೆಂದರೆ ಒಂಟಿ ನಕ್ಷತ್ರ ನಕ್ಷತ್ರವಾಗಿಯೇ ಉಳಿಯುತ್ತದೆ. ಅಡಿಗೆರೆಗಳ ನಡುವಿನ ಮಾತು ಓರೆಯಾಗುವುದೂ, ~ ಚಿಹ್ನೆಗಳ ನಡುವಿನ ಮಾತಿಗೆ ಗೀಟು ಬೀಳುವುದೂ ಹೀಗೆಯೇ. ತಮಾಷೆಯೆಂದರೆ, ದಪ್ಪಕ್ಷರ ಊರಿಂದೂರಿಗೆ ಹೋಗುವುದೇ ಇಲ್ಲ. ಹೋಗುವುದು ನಕ್ಷತ್ರ ಹೊತ್ತ ಸಾದಾ ಅಕ್ಷರ. ದಪ್ಪವಾಗುವುದು ಓದುವವರ ಫೋನಿನಲ್ಲಿ.

ಓದುಗನಿಗೆ ಕಾಣದ ಇಂಥ ಅಪ್ಪಣೆ ಅಚ್ಚಿನ ಮನೆಯವರಿಗೆ ಹೊಸದೇನಲ್ಲ. ಹಸ್ತಪ್ರತಿಯಲ್ಲಿ ಪದದ ಕೆಳಗೆ ನೇರ ಗೆರೆ ಎಳೆದರೆ ಓರೆ ಅಕ್ಷರ, ಅಲೆಗೆರೆ ಎಳೆದರೆ ದಪ್ಪಕ್ಷರ. ಮೊಳೆ ಜೋಡಿಸುವವನು ಗೆರೆ ನೋಡಿ ಮೊಳೆ ಆಯ್ದರೆ ಮುಗಿಯಿತು, ಗೆರೆ ಅಚ್ಚಾಗುವುದಿಲ್ಲ. ಇಂಗ್ಲಿಷಿನ ‘ಮಾರ್ಕಪ್’ ಎಂಬ ಮಾತು ಈ ಕೆಲಸದಿಂದಲೇ ಬಂದದ್ದು. 1964ರಲ್ಲಿ ಅಮೆರಿಕದ ಎಂಐಟಿಯಲ್ಲಿ ಜೆರೋಮ್ ಸಾಲ್ಟ್‌ಜರ್ ಬರೆದ ‘ರನ್‌ಆಫ್’ ಇದನ್ನು ಕಂಪ್ಯೂಟರಿಗೆ ತಂದಿತು: ಚುಕ್ಕಿಯಿಂದ ಆರಂಭವಾದ ಸಾಲು ಯಂತ್ರಕ್ಕೆ, ಉಳಿದದ್ದು ಓದುಗನಿಗೆ. ಆಮೇಲೆ ವೆಬ್ ಪುಟಗಳಿಗೆಂದು ಬಂದ ಎಚ್‌ಟಿಎಂಎಲ್‌ನಲ್ಲಿ ಕೋನಾವರಣಗಳ ಕಾಡೇ ಬೆಳೆಯಿತು. ಯಂತ್ರಕ್ಕೆ ಅದು ಸಲೀಸು, ಮನುಷ್ಯನ ಕಣ್ಣಿಗೆ ಮುಳ್ಳು.

ಇ-ಮೇಲ್ ಬರೆಯುತ್ತಿದ್ದವರು ಮಾತ್ರ ಯಾರೂ ಹೇಳಿಕೊಡದೆ, ಒತ್ತಿ ಹೇಳಬೇಕಾದ ಪದಕ್ಕೆ ನಕ್ಷತ್ರ ಕಟ್ಟುವ ರೂಢಿ ಬೆಳೆಸಿಕೊಂಡಿದ್ದರು. 2004ರಲ್ಲಿ ಜಾನ್ ಗ್ರೂಬರ್, ಆ್ಯರನ್ ಸ್ವಾರ್ಟ್ಸ್ ನೆರವಿನೊಂದಿಗೆ, ಆ ರೂಢಿಗೇ ನಿಯಮ ಕೊಟ್ಟು ‘ಮಾರ್ಕ್‌ಡೌನ್’ ಎಂದರು. ಯಂತ್ರ ಮುಟ್ಟದಿದ್ದರೂ ಬರಹ ಓದುವಂತಿರಬೇಕು ಎಂಬುದು ಅವರ ಹಟ. ನನಗೆ ಬಹಳ ಹಿಡಿಸಿದ್ದು ಇದೇ. ಚಿಕ್ಕಪ್ಪನ ಸಂದೇಶ ಕೆಟ್ಟರೂ ಭಾನುವಾರ ಕೆಡಲಿಲ್ಲವಲ್ಲ! ಆದರೆ ಮಾರ್ಕ್‌ಡೌನ್‌ಗೂ ಗಣಿತ ಕೊಟ್ಟರೆ ಪೇಚಾಟ. 2*3*4 ಎಂದು ಬರೆದರೆ ಗುಣಾಕಾರ ಮಾಯವಾಗಿ 3 ಓರೆಯಾಗುತ್ತದೆ. ನಕ್ಷತ್ರದ ಹಿಂದೆ ಹಿಮ್ಮುಖ ಓರೆಗೆರೆ ಹಾಕಿ ‘ಇದು ಅಪ್ಪಣೆಯಲ್ಲ’ ಎಂದು ಹೇಳಬೇಕು.

ಓರೆ ಅಕ್ಷರ ನಮ್ಮ ಲಿಪಿಯದಲ್ಲ. ವೆನಿಸ್ಸಿನಲ್ಲಿ 1500ರ ಹೊತ್ತಿಗೆ ಆಲ್ಡಸ್ ಮನೂಷಿಯಸ್‌ನ ಅಚ್ಚುಕೂಟದಿಂದ ಹೊರಟದ್ದು. ಕನ್ನಡದಲ್ಲಿ ಅಡಿಗೆರೆ ಹಾಕಿದರೆ ತಂತ್ರಾಂಶ ಸಾಮಾನ್ಯವಾಗಿ ನೆಟ್ಟಗಿರುವ ಅಕ್ಷರವನ್ನೇ ಪಕ್ಕಕ್ಕೆ ತಳ್ಳುತ್ತದೆ. ಗಾಳಿಗೆ ವಾಲಿದ ಬಾಳೆಗಿಡದಂತೆ ಒತ್ತಕ್ಷರಗಳೂ ಜೊತೆಗೇ ವಾಲುತ್ತವೆ. ಒತ್ತಿ ಹೇಳಲು ನಮಗೆ ಹಳೆಯ ಉಪಾಯ ಇದ್ದೇ ಇದೆ: ಪದದ ಕೊನೆಗೊಂದು ‘ಏ’.

ಚಿಕ್ಕಪ್ಪ ಮರುದಿನ ಇನ್ನೊಂದು ಸಂದೇಶ ಕಳಿಸಿದರು. ಅದರಲ್ಲಿ ನಕ್ಷತ್ರವೇ ಇರಲಿಲ್ಲ. “ಭಾನುವಾರವೇ. ಊಟಕ್ಕೇ ಬನ್ನಿ.”