ಅಡಿಕೆ ಮರ ಏರುವವರು ಯಾರು?

ಅಡಿಕೆ ತೋಟದಲ್ಲಿ ಗೊಬ್ಬರ ಹಾಕುವುದು, ಸೊಪ್ಪು ಹೊದಿಸುವುದು, ಬಸಿಗಾಲುವೆ ಬಿಡಿಸುವುದು ಮುಂತಾದ ಕೆಲಸಗಳಿಗೆ ಆಳು ಸಿಗದಿದ್ದರೆ ಒಂದು ವಾರ ತಡವಾದೀತು, ಅಷ್ಟೆ. ಮಳೆಗಾಲದಲ್ಲಿ ಮದ್ದು ಹೊಡೆಯುವವನು ಬಾರದಿದ್ದರೆ ಮಾತ್ರ ಹಾಗಲ್ಲ. ಕೊಳೆರೋಗ ಯಾರಿಗೂ ಕಾಯುವುದಿಲ್ಲ. ಎಡೆಬಿಡದ ಮಳೆ ಹಿಡಿದರೆ ಎಳೆಯ ಕಾಯಿಗಳ ಮೇಲೆ ನೀರಿನಿಂದ ನೆನೆದಂತಹ ಮಚ್ಚೆಗಳೆದ್ದು, ಕೆಲವೇ ದಿನಗಳಲ್ಲಿ ಅವು ಬುಡಕ್ಕೆ ಉದುರಿ ಬೀಳುತ್ತವೆ.

ಇದರ ಹತೋಟಿ ಹೊಸದೇನಲ್ಲ. ಮೈಸೂರು ಸಂಸ್ಥಾನದ ಡಾ. ಲೆಸ್ಲಿ ಕೋಲ್ಮನ್ ಅವರು 1910ರಲ್ಲಿಯೇ ಈ ರೋಗದ ವಿವರಗಳನ್ನು ಪ್ರಕಟಿಸಿದ್ದರು. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು ಸೇರಿಸಿ ತಯಾರಿಸಿದ ಶೇಕಡ 1ರ ಬೋರ್ಡೋ ದ್ರಾವಣವನ್ನು ಮುಂಗಾರು ಹಿಡಿಯುವ ಮುನ್ನ ಒಮ್ಮೆ, 40-45 ದಿನಗಳ ಅನಂತರ ಮತ್ತೊಮ್ಮೆ ಗೊನೆಗಳಿಗೆ ಸಿಂಪಡಿಸಬೇಕೆಂಬುದು ಬೆಳೆಗಾರರಿಗೆಲ್ಲ ಗೊತ್ತು. ಆದರೆ ಆ ಗೊನೆ ಇರುವುದು ಐವತ್ತು, ಅರವತ್ತು ಅಡಿ ಎತ್ತರದಲ್ಲಿ.

ಮಲೆನಾಡಿನಲ್ಲಿ ಕೊನೆಗೌಡ ಎಂದು ಕರೆಯುವ ಕುಶಲಿಗನು ಕಾಲಿಗೆ ತಳೆ ಹಾಕಿ ಮರ ಏರಿ, ಕೆಳಗಿಳಿಯದೆ ಒಂದು ಮರದಿಂದ ಇನ್ನೊಂದಕ್ಕೆ ದಾಟುತ್ತಾನೆ. ಯಾವ ಮರ ಭಾರ ತಡೆಯುತ್ತದೆ, ಯಾವುದರ ಬುಡ ಪೊಳ್ಳಾಗಿದೆ ಎಂಬುದನ್ನು ಆತ ಮರ ಮುಟ್ಟಿಯೇ ಹೇಳಬಲ್ಲ. ಈ ವಿದ್ಯೆ ತಂದೆಯಿಂದ ಮಗನಿಗೆ ಬರುತ್ತಿತ್ತು. ಈಗ ತಂದೆಗೆ ವಯಸ್ಸಾಗಿದೆ, ಮಗ ಪಟ್ಟಣ ಸೇರಿದ್ದಾನೆ. ಅವನನ್ನು ದೂರುವಂತಿಲ್ಲ. ವರ್ಷದಲ್ಲಿ ಕೆಲವೇ ತಿಂಗಳ ಕೂಲಿ, ಬಿದ್ದರೆ ಸಂಸಾರಕ್ಕೆ ದಿಕ್ಕಿಲ್ಲ. ಇಂತಹ ಕಸುಬಿಗೆ ನಮ್ಮ ಮಕ್ಕಳನ್ನು ನಾವು ಕಳುಹಿಸುತ್ತೇವೆಯೇ?

ತೆಂಗಿನಲ್ಲಿ ಇದೇ ತೊಂದರೆ ಬಂದಾಗ ತೆಂಗು ಅಭಿವೃದ್ಧಿ ಮಂಡಳಿಯು 2011ರಲ್ಲಿ ಕೇರಳದಲ್ಲಿ ‘ತೆಂಗಿನ ಮರದ ಸ್ನೇಹಿತರು’ ಎಂಬ ಕಾರ್ಯಕ್ರಮ ಆರಂಭಿಸಿತು. ಅನಂತರ ಅದು ನಮ್ಮ ರಾಜ್ಯಕ್ಕೂ ಬಂತು. ನಿರುದ್ಯೋಗಿ ಯುವಕ ಯುವತಿಯರಿಗೆ 6 ದಿನಗಳ ತರಬೇತಿ, ಮರ ಏರುವ ಯಂತ್ರ, ಅಪಘಾತ ವಿಮೆ ಇವು ಅದರ ಮುಖ್ಯ ಅಂಶಗಳು. ಕಲಿಸಿ ಕೈಬಿಡದೆ, ದುಡಿಯುವ ಸಾಧನವನ್ನೂ ಜೀವಕ್ಕೆ ಭದ್ರತೆಯನ್ನೂ ಜೊತೆಗೆ ಕೊಟ್ಟಿದ್ದು ಗಮನಿಸತಕ್ಕ ಸಂಗತಿ. ಹಿಂದೆ ಮರದ ಹತ್ತಿರ ಸುಳಿಯದಿದ್ದ ಮಹಿಳೆಯರೂ ಇದರಿಂದ ಈ ಕೆಲಸಕ್ಕೆ ಬಂದಿದ್ದಾರೆ. ಅಡಿಕೆ ಮರ ಏರುವ ತರಬೇತಿಯೂ ವಿಟ್ಲದ ಸಂಶೋಧನಾ ಕೇಂದ್ರದಲ್ಲಿ ನಡೆದಿದೆ.

ಇತ್ತೀಚಿನ ವರ್ಷಗಳಲ್ಲಿ ಕಾರ್ಬನ್ ಫೈಬರ್ ದೋಟಿ ಬಂದಿದೆ. ನೆಲದ ಮೇಲೆ ನಿಂತೇ ಗೊನೆ ಕೊಯ್ಯಬಹುದು, ಮದ್ದನ್ನೂ ಹೊಡೆಯಬಹುದು. ಬೀಳುವ ಭಯವಿಲ್ಲ. ಹಾಗೆಂದು ಕೈಗೆ ಕೊಟ್ಟ ಕೂಡಲೇ ಕೆಲಸ ಬರುವುದಿಲ್ಲ. ಉದ್ದದ ದೋಟಿ ಗಾಳಿಗೆ ತೂಗುತ್ತದೆ. ಕತ್ತೆತ್ತಿ ಗುರಿ ಹಿಡಿಯುವುದು, ಕೆಳಗಿನವರು ಗೊನೆಯನ್ನು ಬಲೆಯಲ್ಲಿ ಹಿಡಿಯುವುದು ಎಲ್ಲಕ್ಕೂ ಅಭ್ಯಾಸ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕಾರ್ಬನ್ ಫೈಬರಿನಲ್ಲಿ ವಿದ್ಯುತ್ ಹರಿಯುತ್ತದೆ. ನೋಡಲು ಲೋಹದಂತಿಲ್ಲವೆಂದು ಮೋಸಹೋಗಬಾರದು. ದೋಟಿ ವಾಲಿದರೆ ಮುಟ್ಟುವಷ್ಟು ದೂರದಲ್ಲಿ ವಿದ್ಯುತ್ ತಂತಿಯಿದ್ದರೆ, ಅಲ್ಲಿನ ಮರಗಳನ್ನು ದೋಟಿಯಿಂದ ಕೊಯ್ಯಲೇಕೂಡದು.

ಒಬ್ಬ ಬೆಳೆಗಾರನಿಂದ ಇದೆಲ್ಲ ಆಗದು. ಹತ್ತು ಮನೆಯವರು ಸೇರಿ ಊರಿನ ಮೂರು ನಾಲ್ಕು ಯುವಕರನ್ನು ತರಬೇತಿಗೆ ಕಳುಹಿಸಬಹುದು. ಆ ದಿನಗಳ ಕೂಲಿಯನ್ನೂ ವಿಮೆಯ ಕಂತನ್ನೂ ಹಂಚಿಕೊಂಡರೆ ಯಾರಿಗೂ ಹೊರೆಯಾಗದು. ಮೇ ಕೊನೆಯಿಂದ ಆಗಸ್ಟ್‌ವರೆಗೆ ಮದ್ದು, ಅಕ್ಟೋಬರ್‌ನಿಂದ ಕೊಯ್ಲು, ಬೇಸಿಗೆಗೆ ಮುನ್ನ ಕಾಳುಮೆಣಸು, ನಡುವೆ ತೆಂಗು. ಲೆಕ್ಕ ಹಾಕಿದರೆ ಊರಲ್ಲೇ ವರ್ಷದ ಬಹುಪಾಲು ದುಡಿಮೆ ಇದೆ. ಯಾವ ತೋಟಕ್ಕೆ ಯಾವಾಗ ಎಂಬುದನ್ನು ಸಹಕಾರ ಸಂಘದವರು ಮೊದಲೇ ಗೊತ್ತುಮಾಡಿದರೆ ತಂಡಕ್ಕೂ ಧೈರ್ಯ.

ತರಬೇತಿ ಯಾವಾಗ ಎಂಬುದನ್ನು ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿರಿ. ಮರ ಒಣಗಿರುವ ದಿನಗಳಲ್ಲಿ, ಗಿಡ್ಡ ಮರಗಳ ಮೇಲೆ ಕಲಿಕೆ ಆರಂಭವಾಗಲಿ. ಮೊದಲ ಮಳೆಗಾಲದಲ್ಲಿ ಹೊಸಬನನ್ನು ಒಂಟಿಯಾಗಿ ಏರಿಸದೆ, ಊರಿನ ಹಳೆಯ ಕೊನೆಗೌಡನಿಗೆ ಪೂರ್ಣ ಕೂಲಿ ಕೊಟ್ಟು ಮರದ ಬುಡದಲ್ಲಿ ನಿಲ್ಲಿಸಿಕೊಳ್ಳುವುದು ಒಳ್ಳೆಯದು.