ಪರದೇಶದ ಮನೆಯೂ ಮನೆಯ ನುಡಿಯೂ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕುಗಳಲ್ಲಿ ಮಗನೋ ಮಗಳೋ ಅಳಿಯನೋ ಸೊಸೆಯೋ ಸಮುದ್ರದಾಚೆಗೆ ಹೋಗಿ ನೆಲಸಿರುವ ಮನೆಗಳು ಈಗ ಅಪೂರ್ವವಲ್ಲ. ಇದಕ್ಕೆ ಕಾರಣವನ್ನು ದೂರದಲ್ಲಿ ಹುಡುಕಬೇಕಾದುದಿಲ್ಲ. 1911ನೆಯ ಇಸವಿಯಲ್ಲಿ ಕನ್ನಂಬಾಡಿಯ ಕಟ್ಟೆಯ ಕೆಲಸ ಆರಂಭವಾಯಿತು. ಕಾಲಕ್ರಮದಲ್ಲಿ ನಾಲೆಯ ನೀರು ಕಬ್ಬನ್ನು ಬೆಳೆಯಿಸಿತು. ಕಬ್ಬಿನ ಹಣ ಮಕ್ಕಳನ್ನು ಓದಿಸಿತು. ಓದು ಅವರನ್ನು ಬೆಂಗಳೂರಿಗೂ, ಬೆಂಗಳೂರು ಅವರನ್ನು ಪರದೇಶಕ್ಕೂ ಕಳುಹಿಸಿತು. ಮಳೆಯನ್ನೇ ನಂಬಿದ್ದ ನಾಗಮಂಗಲದ ಕಡೆಯಲ್ಲಿ ಆದಿಚುಂಚನಗಿರಿಯ ಮಠದ ವಿದ್ಯಾಸಂಸ್ಥೆಗಳು ಇದೇ ಕಾರ್ಯವನ್ನು ಮಾಡಿದುವು. ನಮ್ಮ ನೆಲ ಫಲಿಸಿದುದರ ಲಕ್ಷಣವೇ ಇದು ಎಂದರೂ ತಪ್ಪಾಗದು.

ಈ ವಿಷಯದಲ್ಲಿ ಜನಾಭಿಪ್ರಾಯವು ಎರಡು ಬಗೆಯಾಗಿದೆ. ಹೋದವರು ತಾಯ್ನಾಡನ್ನು ತೊರೆದವರೆಂದು ನಿಟ್ಟುಸಿರಿಡುವವರು ಕೆಲವರು. ಅವರು ಕಳುಹಿಸುವ ಡಾಲರನ್ನು ರೂಪಾಯಿಗೆ ಪರಿವರ್ತಿಸಿ ಹಿಗ್ಗುವವರು ಕೆಲವರು. ಈ ಎರಡು ಮಾತುಗಳನ್ನೂ ನಾವು ಒಪ್ಪುವುದಿಲ್ಲ. ಹೊಟ್ಟೆಯ ಪಾಡಿಗೋ ವಿದ್ಯೆಯ ಹಂಬಲಕ್ಕೋ ಊರು ಬಿಟ್ಟವನನ್ನು ದ್ರೋಹಿಯೆನ್ನುವುದು ಅನ್ಯಾಯ. ಅವನನ್ನು ಹಣದ ಥೈಲಿಯೆಂದೇ ಎಣಿಸುವುದು ಅದಕ್ಕಿಂತಲೂ ಹೀನ. ಹೋದುದು ಸರಿಯೋ ತಪ್ಪೋ ಎಂಬುದಕ್ಕಿಂತ, ಹೋದ ಮೇಲೆ ಆ ತರುಣ ದಂಪತಿಗಳು ಎಂತಹ ಮನೆಯನ್ನು ಕಟ್ಟಬೇಕು ಎಂಬುದೇ ವಿಚಾರಾರ್ಹವಾದ ಪ್ರಶ್ನೆಯೆಂದು ನಮಗೆ ತೋರುತ್ತದೆ. ಇದಕ್ಕೆ ಉತ್ತರ ಹೇಳಬಲ್ಲ ನೆಲ ನಮ್ಮದೇ ಆಗಿದೆ. ಏಕೆಂದರೆ ನಮ್ಮ ಮಕ್ಕಳಿಗೆ ಇಂದು ಅಮೆರಿಕ, ಇಂಗ್ಲೆಂಡು, ಆಸ್ಟ್ರೇಲಿಯಾಗಳು ಹೇಗೆ ಪರದೇಶವೋ, ಹಾಗೆಯೇ ಈ ನಾಲ್ಕು ತಾಲ್ಲೂಕುಗಳ ಸೀಮೆಯೂ ಹಿಂದೆ ಅನೇಕರಿಗೆ ಪರದೇಶವಾಗಿತ್ತು. ಬಂದವರಲ್ಲಿ ಕೆಲವರು ಉಳಿದರು, ಕೆಲವರು ಅಳಿದರು.

ಮೊದಲು ಶ್ರೀರಂಗಪಟ್ಟಣವನ್ನು ನೋಡೋಣ. 1799ರ ಮೇ ತಿಂಗಳಿನಲ್ಲಿ ಟಿಪ್ಪು ಸುಲ್ತಾನನು ಮಡಿದು ಕೋಟೆ ಆಂಗ್ಲರ ಕೈಸೇರಿದ ಮೇಲೆ ಅವರ ದಂಡು ದ್ವೀಪದಲ್ಲಿ ಬೀಡುಬಿಟ್ಟಿತು. ಆ ದಂಡಿನೊಡನೆ ದ ಮ್ಯೂರಾನ್ ಎಂಬ ಸ್ವಿಸ್ ದಳವೂ ಇದ್ದಿತು. 1781ರಲ್ಲಿ ಡಚ್ಚರ ಕಂಪೆನಿಗಾಗಿ ಕೂಡಿಸಲ್ಪಟ್ಟ ಈ ದಳವು 1795ರಲ್ಲಿ ಆಂಗ್ಲರ ಸೇವೆಗೆ ತಿರುಗಿದುದು. ಸಿಪಾಯಿಗಳ ಹಿಂದೆ ಹೆಂಡಿರು ಮಕ್ಕಳೂ ಬಂದರು. ಕಾವೇರಿಯ ದಡದಲ್ಲಿರುವ ಅವರ ಸ್ಮಶಾನದಲ್ಲಿ ಸುಮಾರು 300 ಗೋರಿಗಳಿವೆ. ದಂಡಿನ ಅಧಿಕಾರಿಗಳಷ್ಟೇ ಅಲ್ಲದೆ ಅವರ ಕುಟುಂಬದವರೂ ಅಲ್ಲಿ ಮಲಗಿದ್ದಾರೆ. ಅದೇ ನದಿಯ ದಡದಲ್ಲಿ ಸ್ಕಾಟನ ಬಂಗಲೆಯೂ ಇದೆ. ಕರ್ನಲ್ ಸ್ಕಾಟನು ಒಂದು ದಿನ ಮನೆಗೆ ಬಂದು ನೋಡಲು, ಹೆಂಡತಿಯೂ ಮಕ್ಕಳೂ ವಾಂತಿಭೇದಿಗೆ ತುತ್ತಾಗಿದ್ದರೆಂದೂ, ಅವನು ಮನೆಯನ್ನು ಇದ್ದಂತೆಯೇ ಬಿಟ್ಟು ಹೊರಟುಹೋದನೆಂದೂ ಜನ ಹೇಳುವರು. ಕಥೆಯ ಸತ್ಯಾಸತ್ಯ ಹೇಗೇ ಇರಲಿ, ಆ ದ್ವೀಪದ ವಿಷಮಜ್ವರಕ್ಕೆ ದಂಡು ತತ್ತರಿಸಿದುದು ಮಾತ್ರ ಚರಿತ್ರೆಯ ಮಾತು. 1809ರ ವೇಳೆಗೆ ಬೆಂಗಳೂರಿನಲ್ಲಿ ಹೊಸ ದಂಡುಪ್ರದೇಶ ಏರ್ಪಟ್ಟಿತು. ಪಟ್ಟಣದ ದಂಡು ಕ್ರಮೇಣ ಅಲ್ಲಿಗೆ ಸರಿಯಿತು.

ಪಾಂಡವಪುರದ ಕಥೆಯೂ ಇದರ ನೆರೆಯದೇ. ಹಿರೋಡೆಯೆಂಬ ಆ ಊರಿನ ಬಂಡೆಗಳ ಬಳಿ ಹೈದರ್, ಟಿಪ್ಪುಗಳ ಸೇವೆಯಲ್ಲಿದ್ದ ಫ್ರೆಂಚರು ಪಾಳೆಯ ಮಾಡಿದ್ದುದರಿಂದ ಅದಕ್ಕೆ ಫ್ರೆಂಚ್ ರಾಕ್ಸ್ ಎಂಬ ಹೆಸರು ಬಂದಿತು. ಫ್ರೆಂಚರು ಹೋದರು, ಹೆಸರು ಕೆಲಕಾಲ ನಿಂತಿತು, ಈಗ ಆ ಹೆಸರೂ ಹೋಗಿದೆ.

ಜ್ವರವು ಯಾರ ನಡತೆಯನ್ನೂ ನೋಡಿ ಬರುವುದಲ್ಲ; ತಾಯಿಮಕ್ಕಳ ಆ ಗೋರಿಗಳ ಮುಂದೆ ಯಾರಿಗಾದರೂ ಕನಿಕರವೇ ಹುಟ್ಟಬೇಕು. ಆದರೆ ಒಂದು ಮಾತು. ಅವರು ಈ ನೆಲದಲ್ಲಿ ದಂಡಾಗಿ ಇದ್ದರೇ ಹೊರತು ನೆರೆಹೊರೆಯಾಗಿ ಇರಲಿಲ್ಲ. ಗೋಡೆಯೊಳಗೆ ತಮ್ಮವರು, ಗೋಡೆಯಾಚೆಗೆ ಪರರು, ಎಂದು ಬಾಳಿದರು. ಅಂತಹವರು ಹೋದ ಮೇಲೆ ಉಳಿಯುವುದು ಕಲ್ಲು ಮಾತ್ರ. ಅದೇ ಕಾಲದಲ್ಲಿ ಅದೇ ಪಟ್ಟಣಕ್ಕೆ ಬಂದ ಅಬ್ಬೆ ದುಬೋಯ್ ಎಂಬ ಫ್ರೆಂಚ್ ಪಾದ್ರಿಯು ಇಲ್ಲಿಯ ಉಡುಪನ್ನುಟ್ಟು, ಇಲ್ಲಿಯವರಂತೆ ಉಂಡು, ಇಲ್ಲಿಯ ನುಡಿಯನ್ನು ಕಲಿತು, ಸಿಡುಬಿಗೆ ದೇವಿ ಹಾಕುವ ಕಾರ್ಯದಲ್ಲಿ ಶ್ರಮಿಸಿದನು. ಅವನ ಮತಪ್ರಚಾರದ ವಿಷಯವಾಗಿಯೂ, ನಮ್ಮ ಆಚಾರಗಳನ್ನು ಕುರಿತು ಅವನು ಬರೆದ ಪುಸ್ತಕದ ವಿಷಯವಾಗಿಯೂ ನಮಗೆ ಭಿನ್ನಾಭಿಪ್ರಾಯವಿದ್ದರೂ ಇರಬಹುದು. ಆದರೂ 1823ರಲ್ಲಿ ಅವನು ಸ್ವದೇಶಕ್ಕೆ ಹಿಂದಿರುಗಿದ ಮೇಲೆ ಜನರ ನೆನಪಿನಲ್ಲಿ ಉಳಿದನು.

ಇನ್ನು ಮೇಲುಕೋಟೆಗೆ ಬರೋಣ. ಚೋಳದೇಶದಲ್ಲಿ ನಿಲ್ಲಲಾಗದೆ ಹೊರಟ ಶ್ರೀ ರಾಮಾನುಜಾಚಾರ್ಯರು ಹೊಯ್ಸಳ ವಿಷ್ಣುವರ್ಧನನ ರಾಜ್ಯವನ್ನು ಸೇರಿ, ತೊಣ್ಣೂರಿನಲ್ಲಿಯೂ ಮೇಲುಕೋಟೆಯಲ್ಲಿಯೂ ವಾಸಮಾಡಿದರೆಂಬುದು ಪ್ರಸಿದ್ಧ. ಮೇಲುಕೋಟೆಯಲ್ಲಿ ಅವರು 12 ವರ್ಷ ಇದ್ದರೆಂದು ಸಂಪ್ರದಾಯ ಹೇಳುತ್ತದೆ. ಅವರ ಪರಂಪರೆಯನ್ನು ಅನುಸರಿಸಿ ಬಂದ ತಮಿಳು ಮಾತಿನ ಶ್ರೀವೈಷ್ಣವ ಸಂಸಾರಗಳು ಇಲ್ಲಿಯೇ ನೆಲಸಿದುವು. ಶತಮಾನಗಳು ಉರುಳಿದುವು. ಇಂದಿಗೂ ಅಂತಹ ಅನೇಕ ಮನೆಗಳ ಹೊಸ್ತಿಲೊಳಗೆ ಕನ್ನಡ ಬೆರೆತ ಒಂದು ತಮಿಳು ಕೇಳಿಬರುತ್ತದೆ. ಆದರೆ ಹೊಸ್ತಿಲು ದಾಟಿದೊಡನೆ ಅವರ ಮಾತು ಕನ್ನಡ, ಓದು ಕನ್ನಡ, ಜಗಳವೂ ಕನ್ನಡ. 1905ರಲ್ಲಿ ಮೇಲುಕೋಟೆಯಲ್ಲಿ ಹುಟ್ಟಿದ ಶ್ರೀ ಪು. ತಿ. ನರಸಿಂಹಾಚಾರ್ಯರು ಮನೆಯಲ್ಲಿ ತಮಿಳಾಡುವ ಕುಲದವರು; ಕನ್ನಡಕ್ಕೆ ಅವರು ಕೊಟ್ಟುದು ‘ಗೋಕುಲ ನಿರ್ಗಮನ’. ಊರನ್ನು ಬಿಟ್ಟು ಹೋಗುವವನ ಮತ್ತು ಹಿಂದೆ ಉಳಿಯುವವರ ಸಂಕಟವನ್ನು ಹಾಡಿದ ಆ ಗೀತನಾಟಕವು, ಹೊರಗಿನಿಂದ ಬಂದು ನೆಲಸಿದವರ ಕುಲದಿಂದ ನಮಗೆ ದೊರೆತುದು ಗಮನಾರ್ಹವಾಗಿದೆ.

ಮನೆಯ ನುಡಿಯನ್ನು ಬಿಡದೆ, ಬೀದಿಯ ನುಡಿಯನ್ನು ತಮ್ಮದಾಗಿ ಮಾಡಿಕೊಂಡವರು ಬೇರೂರಿದರು. ನಾವು ಹೇಳಬೇಕಾದುದು ಇಷ್ಟೆ. ಮೇಲುಕೋಟೆಯವರು ನಮ್ಮ ಸೀಮೆಯಲ್ಲಿ ಹೇಗೆ ಬಾಳಿದರೋ, ನಮ್ಮ ಮಕ್ಕಳು ಪರರ ಸೀಮೆಯಲ್ಲಿ ಹಾಗೆ ಬಾಳಲಿ.

ಹೀಗೆನ್ನುವಾಗ ಆ ಹೊಸ ಸಂಸಾರದ ಕಷ್ಟಗಳನ್ನು ನಾವು ಮರೆತಿಲ್ಲ. ವಿಮಾನವಿಳಿದ ಮಾರನೆಯ ದಿನದಿಂದ ಗಂಡನು ಕೆಲಸಕ್ಕೆ ಹೋಗುವನು. ಹೆಂಡತಿಯು, ತಾನೂ ಎಂಜಿನಿಯರೋ ವೈದ್ಯಳೋ ಆಗಿದ್ದರೂ, ನಾಲ್ಕು ಗೋಡೆಗಳ ನಡುವೆ ಉಳಿಯುವಳು. ಅಮೆರಿಕದಲ್ಲಿ ಉದ್ಯೋಗಿಯ ಅವಲಂಬಿತರಾಗಿ ಹೋದ ಪತ್ನಿಯರಲ್ಲಿ ಅನೇಕರಿಗೆ 2015ನೆಯ ಇಸವಿಯವರೆಗೆ ದುಡಿಯುವ ಅನುಮತಿಯೇ ಇರಲಿಲ್ಲ. ಆ ವರ್ಷದ ಮೇ ತಿಂಗಳಿನಿಂದ ಕೆಲವರಿಗೆ ಮಾತ್ರ, ಅದೂ ಗಂಡನ ಸ್ಥಿರವಾಸದ ಅರ್ಜಿಯು ಒಂದು ಹಂತವನ್ನು ಮುಟ್ಟಿದ ಮೇಲೆ, ದೊರೆಯುವಂತಾಯಿತು. ಆ ಸ್ಥಿರವಾಸವಾದರೂ ಸುಲಭವೆ? ಉದ್ಯೋಗದ ಮೂಲಕ ವರ್ಷಕ್ಕೆ ಕೊಡುವ ಅನುಮತಿಗಳಲ್ಲಿ ಯಾವ ಒಂದು ದೇಶದವರಿಗೂ ಸಾಮಾನ್ಯವಾಗಿ ನೂರಕ್ಕೆ 7ಕ್ಕಿಂತ ಹೆಚ್ಚು ಸಲ್ಲದೆಂಬ ಕಟ್ಟಳೆಯಿರುವುದರಿಂದ, ಭಾರತೀಯರು ವರ್ಷಗಟ್ಟಲೆ ಸರದಿಯಲ್ಲಿ ನಿಂತಿರುವರು. ಮನೆ ಕೊಂಡವರಿಗೂ ಅದು ತಮ್ಮದೆಂಬ ನೆಮ್ಮದಿಯಿಲ್ಲ. ಹಿಮ ಬೀಳುವ ಊರಿನಲ್ಲಿ ಕಿಟಕಿ ತೆರೆಯದೆ ಒಗ್ಗರಣೆ ಹಾಕಿದರೆ, ಹೊಗೆಯನ್ನು ಕಂಡ ಗಂಟೆ ಕೂಗಿಕೊಳ್ಳುವುದು. ಬಾಣಂತನಕ್ಕೆ ಇಲ್ಲಿಂದ ಹೋದ ತಾಯಿಯು ಸಾಮಾನ್ಯವಾಗಿ ಆರು ತಿಂಗಳೊಳಗೆ ಹಿಂದಿರುಗಬೇಕು. ಮಗುವಿಗೆ ಹಲ್ಲು ಮೂಡುವ ಹೊತ್ತಿಗೆ ಅಜ್ಜಿಯು ದೂರದರ್ಶಕ ಯಂತ್ರದೊಳಗಿನ ಮುಖವಾಗಿರುವಳು.

ಕೃಷ್ಣರಾಜಪೇಟೆಯ ತಾಲ್ಲೂಕು ಇಂತಹ ಸಂಸಾರವನ್ನು ಬಲ್ಲ ಇಬ್ಬರು ಲೇಖಕರನ್ನು ಕೊಟ್ಟಿದೆ. ಕಿಕ್ಕೇರಿಯಲ್ಲಿ 1915ರಲ್ಲಿ ಹುಟ್ಟಿದ ಶ್ರೀ ಕೆ. ಎಸ್. ನರಸಿಂಹಸ್ವಾಮಿಗಳು 1942ರ ‘ಮೈಸೂರು ಮಲ್ಲಿಗೆ’ಯಲ್ಲಿ ನವದಂಪತಿಗಳ ಒಲವನ್ನು ಕನ್ನಡಿಗರ ನಾಲಗೆಯ ಮೇಲೆ ನಿಲ್ಲಿಸಿದರು. ಆ ದಂಪತಿಗಳಿಗೆ ತವರು ಎಂಬುದು ಹೋಗಿ ಬರಬಹುದಾದ ಊರು. ಇಂದಿನ ಮನೆಮಗಳಿಗೆ ಅದು ಎರಡು ವಿಮಾನಗಳ ಹಾದಿ. ಹೇಮಾವತಿಯ ದಡದ ಅಕ್ಕಿಹೆಬ್ಬಾಳಿನಲ್ಲಿ 1900ರಲ್ಲಿ ಹುಟ್ಟಿದ ಶ್ರೀ ಎ. ಎನ್. ಮೂರ್ತಿರಾಯರು ಮುಪ್ಪಿನಲ್ಲಿ ಅಮೆರಿಕವನ್ನು ಕಂಡು ಬಂದು ‘ಅಪರವಯಸ್ಕನ ಅಮೆರಿಕಾ ಯಾತ್ರೆ’ಯನ್ನು ಬರೆದರು. ಆ ದೇಶಕ್ಕೆ ಹೊರಡುವ ನಮ್ಮ ಹಿರಿಯರು ವೀಸಾ ಪತ್ರದೊಡನೆ ಆ ಪುಸ್ತಕವನ್ನೂ ಕೈಯಲ್ಲಿ ಹಿಡಿಯುವುದು ಒಳ್ಳೆಯದು.

ಈ ಕಷ್ಟಗಳ ನಡುವೆ ಎರಡು ತಪ್ಪುಗಳಿಗೆ ಆಸ್ಪದವುಂಟು. ಮೊದಲನೆಯದು ದಂಡಿನಂತೆ ಬಾಳುವುದು. ಹತ್ತು ವರ್ಷ ಇದ್ದರೂ ಪಕ್ಕದ ಮನೆಯವರ ಹೆಸರನ್ನು ಅರಿಯದೆ, ತಮ್ಮವರ ಗುಂಪನ್ನೇ ಸುತ್ತಿ, ಅನ್ನ ಕೊಡುವ ದೇಶವನ್ನು ಬೈಯುತ್ತ ಇರುವುದು ನಮ್ಮ ಮರ್ಯಾದೆಗೆ ತಕ್ಕುದಲ್ಲ. ಆ ದೇಶದ ನುಡಿಯನ್ನು ಚೆನ್ನಾಗಿ ಕಲಿಯಬೇಕು. ಮಕ್ಕಳ ಶಾಲೆಯ ಸಭೆಗೆ ಹೋಗಬೇಕು. ನೆರೆಯವರ ಕಷ್ಟಸುಖಗಳಲ್ಲಿ ಪಾಲುಗೊಳ್ಳಬೇಕು. ಎರಡನೆಯದು ಮನೆಯ ನುಡಿಯನ್ನು ನಾಚಿಕೆಯಿಂದಲೋ ಸೋಮಾರಿತನದಿಂದಲೋ ಬಿಟ್ಟುಬಿಡುವುದು. ನಮ್ಮವರಲ್ಲಿ ಹೆಚ್ಚು ಕಾಣುವುದು ಈ ಎರಡನೆಯದೇ. ತಾಯಿತಂದೆಗಳು ಕನ್ನಡದಲ್ಲಿ ಕೇಳುವರು, ಮಗು ಇಂಗ್ಲಿಷಿನಲ್ಲಿ ಉತ್ತರಿಸುವುದು. ಕೆಲವು ವರ್ಷಗಳಲ್ಲಿ ಕೇಳುವುದೂ ಇಂಗ್ಲಿಷೇ ಆಗುವುದು. ಆ ಮಗು ನಾಗಮಂಗಲದ ಹಳ್ಳಿಗೆ ಬಂದಾಗ ಅಜ್ಜಿಯೂ ಮೊಮ್ಮಗುವೂ ಮುಖ ಮುಖ ನೋಡಿಕೊಂಡು ನಗುವರೇ ಹೊರತು ಆಡಲು ಮಾತಿಲ್ಲ. ಆ ಅಜ್ಜಿಯ ಮಡಿಲಿನ ಕಥೆಗಳು ಅವಳೊಡನೆಯೇ ಮಣ್ಣಾಗುವುವು. ಈ ನಷ್ಟವನ್ನು ಯಾವ ಡಾಲರೂ ತುಂಬಲಾರದು.

ಆದರೆ ಅಪರಾಧವನ್ನೆಲ್ಲ ಪರದೇಶದವರ ತಲೆಗೆ ಕಟ್ಟುವುದು ನ್ಯಾಯವಲ್ಲ. ಅನೇಕರು ಕನ್ನಡವನ್ನು ಅಮೆರಿಕದಲ್ಲಿ ಕಳೆದುಕೊಂಡುದಲ್ಲ. ಇಲ್ಲಿಯೇ ಇಳಿಸಿ ವಿಮಾನವನ್ನು ಹತ್ತಿದರು. ನಮ್ಮ ತಾಲ್ಲೂಕಿನ ಊರುಗಳಲ್ಲಿಯೇ ಇಂಗ್ಲಿಷ್ ಮಾಧ್ಯಮದ ಶಾಲೆಯ ಬಸ್ಸು ಹಳ್ಳಿಹಳ್ಳಿಗೆ ಬರುತ್ತಿದೆ. ಕನ್ನಡ ಪಾಠಶಾಲೆಯ ಬಾಗಿಲಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತಿದೆ. ಮೊಮ್ಮಗುವಿನೊಡನೆ ದೂರವಾಣಿಯಲ್ಲಿ ಮಾತಾಡುವಾಗ ಬಾರದ ಇಂಗ್ಲಿಷನ್ನು ಎಳೆದು ತಂದು ಹೆಮ್ಮೆಪಡುವ ಅಜ್ಜಂದಿರೂ ಉಂಟು. ಇಂಗ್ಲಿಷನ್ನು ಕಲಿಸಲು ಆ ಮಗುವಿಗೆ ದೇಶಕ್ಕೆ ದೇಶವೇ ಇದೆ. ಕನ್ನಡವನ್ನು ಕಲಿಸಲು ಇರುವವರು ಮನೆಯವರು ಮಾತ್ರ. ಮಗು ತಡವರಿಸಿ ಕನ್ನಡವಾಡಿದರೆ ನಗದೆ ಕೇಳುವುದು ಹಿರಿಯರ ಮೊದಲ ಕರ್ತವ್ಯ.

ಪರದೇಶದ ಕನ್ನಡಿಗರು ಕೈಕಟ್ಟಿ ಕುಳಿತಿಲ್ಲವೆಂಬುದನ್ನೂ ಸಂತೋಷದಿಂದ ಹೇಳತಕ್ಕದ್ದು. ಉತ್ತರ ಕ್ಯಾಲಿಫೋರ್ನಿಯಾದ ಕನ್ನಡ ಕೂಟವು 1973ರಷ್ಟು ಹಿಂದಿನದು. 2000ದಲ್ಲಿ ಅಮೆರಿಕದ ಕನ್ನಡ ಕೂಟಗಳ ಆಗರ ‘ಅಕ್ಕ’ವು ಹೂಸ್ಟನ್ನಿನಲ್ಲಿ ಸಮ್ಮೇಳನ ಕೂಡಿಸಿತು. ವಾರದ ಕೊನೆಯಲ್ಲಿ ಕೆಲಸದ ದಣಿವನ್ನು ಎಣಿಸದೆ ಮಕ್ಕಳಿಗೆ ಅಕ್ಷರ ತಿದ್ದಿಸುವ ಸ್ವಯಂಸೇವಕರು ಅನೇಕ ಊರುಗಳಲ್ಲಿದ್ದಾರೆ. ಆದರೆ ಎರಡು ವರ್ಷಕ್ಕೊಮ್ಮೆ ನಡೆಯುವ ಉತ್ಸವದಿಂದ ಮಗುವಿಗೆ ಅಕ್ಷರ ಬಾರದು. ವಾರದ ಪಾಠವೂ ಮನೆಯಲ್ಲಿ ನಿತ್ಯದ ಮಾತಿಲ್ಲದಿದ್ದರೆ ನಿಲ್ಲದು. ನಮ್ಮ ಸರ್ಕಾರವು ಸಮ್ಮೇಳನಗಳಿಗೆ ಮಂತ್ರಿಗಳನ್ನೂ ಕಲಾವಿದರನ್ನೂ ಕಳುಹಿಸುವ ಉತ್ಸಾಹದಲ್ಲಿ ಒಂದು ಪಾಲನ್ನಾದರೂ ಆ ಚಿಕ್ಕ ಶಾಲೆಗಳಿಗೆ ತಕ್ಕ ಪಠ್ಯಪುಸ್ತಕಗಳ ಕಡೆಗೆ ತಿರುಗಿಸಬೇಕೆಂದು ನಾವು ಆಗ್ರಹಿಸುತ್ತೇವೆ. ಇಲ್ಲಿಯ ಮಕ್ಕಳ ಪುಸ್ತಕವು ಹಿಮದ ನಾಡಿನ ಮಗುವಿಗೆ ಹಾಗೆಯೇ ಹೊಂದದು.

ಕೊನೆಯದಾಗಿ, ಪಹಣಿ ಖಾತೆಗಳನ್ನು ಬಲ್ಲ ನಮ್ಮ ವಾಚಕರಿಗೆ ತಿಳಿದ ಒಂದು ಸಂಗತಿಯನ್ನು ಜ್ಞಾಪಿಸುತ್ತೇವೆ. ಪರದೇಶದಲ್ಲಿ ನೆಲಸಿದವನು ಸಾಮಾನ್ಯವಾಗಿ ಇಲ್ಲಿ ವ್ಯವಸಾಯದ ಭೂಮಿಯನ್ನು ಹಣ ಕೊಟ್ಟು ಕೊಳ್ಳಲಾರನು. ವಿದೇಶದ ಪೌರತ್ವ ಪಡೆದು 2005ರಿಂದೀಚೆಗೆ ದೊರೆಯುತ್ತಿರುವ ಸಾಗರೋತ್ತರ ನಾಗರಿಕನ ಚೀಟಿಯನ್ನು ಹೊಂದಿದವನಿಗೂ ಆ ಹಕ್ಕಿಲ್ಲ. ಆದರೆ ತಂದೆತಾಯಿಗಳಿಂದ ಪಿತ್ರಾರ್ಜಿತವಾಗಿ ಬರುವ ಭೂಮಿಗೆ ಅಡ್ಡಿಯಿಲ್ಲ. ನುಡಿಯ ಕಟ್ಟಳೆಯೂ ಬಹುಮಟ್ಟಿಗೆ ಹೀಗೆಯೇ. ಬೆಳೆದ ಮೇಲೆ ಹಣ ಕೊಟ್ಟು ಕೊಳ್ಳುವುದು ಕಷ್ಟ. ಮಡಿಲಿನಲ್ಲಿದ್ದಾಗ ಪಿತ್ರಾರ್ಜಿತವಾಗಿ ಪಡೆಯುವುದು ಸುಲಭ. ಹೊಲವನ್ನು ಮಕ್ಕಳ ಹೆಸರಿಗೆ ಖಾತೆ ಮಾಡಿಸಲು ಕಚೇರಿಗೆ ಹತ್ತು ಸಲ ಅಲೆಯುವ ಹಿರಿಯರು, ಈ ಇನ್ನೊಂದು ಖಾತೆಯನ್ನೂ ಮರೆಯದಿರಲಿ. ಅದಕ್ಕೆ ಕಚೇರಿ ಬೇಡ, ರುಸುಮು ಬೇಡ. ದಿನಕ್ಕೊಂದು ಗಳಿಗೆ ಮೊಮ್ಮಗುವಿನೊಡನೆ ಕನ್ನಡದಲ್ಲಿ ಮಾತಾಡಿದರೆ ಸಾಕು.