ಬೆನ್ನಿನ ಶಸ್ತ್ರಚಿಕಿತ್ಸೆಯ ನಂತರ ಹೆಜ್ಜೆಯ ಲೆಕ್ಕ

ಬೆನ್ನಿನ ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಬಂದವರಿಗೆ ನೆಂಟರಿಷ್ಟರು ಕೊಡುವ ಮೊದಲ ಸಲಹೆ, ‘ಅಲುಗಾಡದೆ ಮಲಗಿ’ ಎಂಬುದು. ವೈದ್ಯರು ಸಾಮಾನ್ಯವಾಗಿ ಹೇಳುವುದು ಬೇರೆ: ‘ಸ್ವಲ್ಪ ಸ್ವಲ್ಪವೇ ನಡೆಯಿರಿ.’ ಸ್ವಲ್ಪ ಎಂದರೆ ಎಷ್ಟು? ಕಳೆದ ವಾರಕ್ಕಿಂತ ಈ ವಾರ ಹೆಚ್ಚು ನಡೆದದ್ದು ನಿಜವೇ? ಇದಕ್ಕೆ ಉತ್ತರ ಹೇಳಲು ನೆನಪು ಸಾಲದು, ಅಳತೆ ಬೇಕು.

ನಡಿಗೆ ಏಕೆ?

ಬೆನ್ನುಮೂಳೆಯ ಮಣಿಗಳ ನಡುವೆ ಮೆತ್ತೆಯಂತಿರುವ ಡಿಸ್ಕ್ ಹೊರಚಾಚಿ ನರವನ್ನು ಒತ್ತಿದರೆ ನೋವು ಸೊಂಟದಿಂದ ಕಾಲಿಗೆ ಇಳಿಯುತ್ತದೆ. ಈ ಸಂಬಂಧವನ್ನು 1934ರಲ್ಲಿ ಬಾಸ್ಟನ್ನಿನ ವೈದ್ಯರಾದ ಮಿಕ್ಸ್ಟರ್ ಮತ್ತು ಬಾರ್ ಪ್ರಕಟಿಸಿದರು. ಶಸ್ತ್ರಚಿಕಿತ್ಸೆ ನರದ ಮೇಲಿನ ಒತ್ತಡವನ್ನು ತೆಗೆಯುತ್ತದೆ. ಆದರೆ ಸೊರಗಿದ ಸ್ನಾಯುಗಳು ಬಲ ಪಡೆಯುವುದು ಚಲನೆಯಿಂದಲೇ. ನಡೆಯುವಾಗ ಮೀನಖಂಡದ ಸ್ನಾಯುಗಳು ಪಂಪಿನಂತೆ ರಕ್ತವನ್ನು ಮೇಲಕ್ಕೆ ತಳ್ಳುತ್ತವೆ. ಸದಾ ಮಲಗಿದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು.

ಹತ್ತು ಸಾವಿರದ ಕಥೆ

ಬೆನ್ನುನೋವಿನವರ ಸ್ಥಿತಿ ತಿಳಿಯಲು 1980ರಲ್ಲಿ ಪ್ರಕಟವಾದ ‘ಆಸ್ವೆಸ್ಟ್ರಿ’ ಪ್ರಶ್ನಾವಳಿ ಇಂದಿಗೂ ಬಳಕೆಯಲ್ಲಿದೆ. ಎಷ್ಟು ದೂರ ನಡೆಯಬಲ್ಲಿರಿ ಎಂಬ ಪ್ರಶ್ನೆಯೂ ಅದರಲ್ಲಿದೆ. ಉತ್ತರ ಮಾತ್ರ ರೋಗಿಯ ಅಂದಾಜು. ಆ ಅಂದಾಜಿನ ಜೊತೆಗೆ ಈಗ ಹೆಜ್ಜೆ ಎಣಿಸುವ ಸಾಧನಗಳೂ ಬಂದಿವೆ.

1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಪೆಡೋಮೀಟರ್ ಒಂದರ ಹೆಸರು ‘ಮಾನ್ಪೊ-ಕೇ’, ಅಂದರೆ ‘ಹತ್ತು ಸಾವಿರ ಹೆಜ್ಜೆಯ ಮಾಪಕ’. ದಿನಕ್ಕೆ 10,000 ಹೆಜ್ಜೆ ಎಂಬ ಮಾತು ಹಬ್ಬಿದ್ದು ಈ ಹೆಸರಿನಿಂದ. ಆಗಷ್ಟೇ ಆಸ್ಪತ್ರೆಯಿಂದ ಬಂದವರಿಗೆ ಅದು ಗುರಿಯಾಗಬಾರದು. ಅವರು ಹೋಲಿಸಿಕೊಳ್ಳಬೇಕಾದದ್ದು ತಮ್ಮದೇ ಹಿಂದಿನ ವಾರದ ಲೆಕ್ಕದೊಡನೆ.

ಫೋನು ಎಣಿಸುವುದು ಹೇಗೆ?

ಮೊಬೈಲ್ ಫೋನಿನೊಳಗೆ ವೇಗೋತ್ಕರ್ಷವನ್ನು ಅಳೆಯುವ ಪುಟ್ಟ ಸಾಧನವಿದೆ. ಹೆಜ್ಜೆ ಊರಿದಾಗಲೆಲ್ಲ ದೇಹ ತುಸು ಅದುರುತ್ತದೆ. ಆ ಅದುರು ಒಂದು ಮಿತಿ ದಾಟಿದರೆ ಹೆಜ್ಜೆಯೆಂದು ಎಣಿಕೆಯಾಗುತ್ತದೆ. ಶಸ್ತ್ರಚಿಕಿತ್ಸೆಯಾದವರು ನಿಧಾನವಾಗಿ, ಕಾಲೆಳೆಯುತ್ತ ನಡೆಯುತ್ತಾರೆ. ಅದುರು ಸಣ್ಣದಾಗಿ ಎಷ್ಟೋ ಹೆಜ್ಜೆಗಳು ಲೆಕ್ಕ ತಪ್ಪುತ್ತವೆ. ವಾಕರ್ ಹಿಡಿದವರ ಕೈ ಬೀಸುವುದಿಲ್ಲವಾದ್ದರಿಂದ ಕೈಪಟ್ಟಿಯ ಸಾಧನವೂ ಕಡಿಮೆ ತೋರಿಸಬಹುದು.

ಮನೆಯಲ್ಲೇ ಪ್ರಯೋಗ

ವಿದ್ಯಾರ್ಥಿಗಳು ಇದನ್ನು ಪರೀಕ್ಷಿಸಬಹುದು. ಅಜ್ಜಿಯೋ ತಂದೆಯೋ ನಡೆಯುವಾಗ ಜೊತೆಗಿದ್ದು 100 ಹೆಜ್ಜೆ ಬಾಯಲ್ಲಿ ಎಣಿಸಿ. ಫೋನು 80 ತೋರಿಸಿದರೆ ಐದರಲ್ಲೊಂದು ಹೆಜ್ಜೆ ತಪ್ಪಿದೆ ಎಂದರ್ಥ. ಒಂದೇ ಸಲಕ್ಕೆ 100 ಕಷ್ಟವಾದರೆ ಎರಡು ಮೂರು ಸಲದ್ದನ್ನು ಕೂಡಿಸಿ.

ಹೆಜ್ಜೆಯ ಉದ್ದವೂ ಮುಖ್ಯ. 20 ಹೆಜ್ಜೆಗೆ 8 ಮೀಟರ್ ಸಾಗಿದರೆ ಒಂದು ಹೆಜ್ಜೆ 40 ಸೆಂಟಿಮೀಟರ್. 1,000 ಹೆಜ್ಜೆಗೆ 400 ಮೀಟರ್. ಕೆಲವು ವಾರಗಳ ನಂತರ 20 ಹೆಜ್ಜೆಗೆ 11 ಮೀಟರ್ ಆದರೆ ಅದೇ 1,000 ಹೆಜ್ಜೆಗೆ 550 ಮೀಟರ್. ಎಣಿಕೆ ಬದಲಾಗದಿದ್ದರೂ ನಡಿಗೆ ಸುಧಾರಿಸಿದೆ!

ಜೋಗುಪಾಳ್ಯದವರಿಗೆ ಹಲಸೂರು ಕೆರೆ ಹತ್ತಿರವೇ. ಆದರೂ ಮೊದಲ ದಿನಗಳಲ್ಲಿ ಮನೆಯ ಹಜಾರವೇ ಕ್ಷೇಮ. ಎದ್ದುನಿಂತ ಚಪ್ಪಡಿ ಎಡವದಂತೆ, ಸ್ಕೂಟರುಗಳಿಗೆ ದಾರಿ ಬಿಡುತ್ತ ಬೀದಿಯಲ್ಲಿ ನಡೆಯುವುದು ಆಮೇಲಿನ ಮಾತು. ಹಜಾರದ ಉದ್ದವನ್ನು ಟೇಪಿನಿಂದ ಅಳೆದಿಟ್ಟರೆ ಎಷ್ಟು ಸುತ್ತು ಎಂಬುದರಿಂದಲೇ ದೂರ ತಿಳಿಯುತ್ತದೆ.

ನೋಟ್‌ಬುಕ್ಕಿನಲ್ಲಿ ದಿನಾಂಕ, ಹೆಜ್ಜೆ, ಎಷ್ಟು ಸಲ ನಡೆದರು, 0ಯಿಂದ 10ರವರೆಗೆ ನೋವು ಎಷ್ಟು, ಎಂದು ನಾಲ್ಕು ಕಾಲಂ ಹಾಕಿ. ಒಂದು ದಿನದ ಏರಿಳಿತಕ್ಕೆ ಗಾಬರಿ ಬೇಡ. ವಾರದ ಸರಾಸರಿ ನೋಡಿ. ಹೆಜ್ಜೆ ಹೆಚ್ಚಿದ ಮರುದಿನ ನೋವೂ ಏರಿ ಹಾಗೆಯೇ ಉಳಿದರೆ ವೈದ್ಯರಿಗೆ ತಿಳಿಸಿ. ಎಷ್ಟು ನಡೆಯಬೇಕು, ಯಾವಾಗ ಮೆಟ್ಟಿಲು ಹತ್ತಬೇಕು ಎಂಬುದನ್ನು ತೀರ್ಮಾನಿಸುವವರು ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರೇ.

ಕಾಲಿನ ಬಲ ಹೊಸದಾಗಿ ಕುಗ್ಗಿದರೆ, ಮಲಮೂತ್ರದ ಹಿಡಿತ ತಪ್ಪಿದರೆ, ಮೂತ್ರ ಕಟ್ಟಿದರೆ, ಜ್ವರ ಬಂದರೆ, ಗಾಯದಿಂದ ಕೀವು ಸೋರಿದರೆ, ಮೀನಖಂಡ ಊದಿಕೊಂಡರೆ ಅಥವಾ ಉಸಿರಾಟ ಕಷ್ಟವಾದರೆ ಲೆಕ್ಕ ಬರೆಯುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಮುಂದಿನ ತಪಾಸಣೆಗೆ ಹೋಗುವಾಗ ಎಕ್ಸ್-ರೇ ಜೊತೆಗೆ ಮಕ್ಕಳು ಬರೆದ ನೋಟ್‌ಬುಕ್ಕೂ ಇರಲಿ.